ಕೆಂಪು ಪದರದ ಮೇಲಿನ ನೀರು

ಮಲ್ಪೆಯ ಎದುರಿನ ದ್ವೀಪಕ್ಕೆ ನಾನು ಹೋದದ್ದು ಒಂದೇ ಸಲ, ಭೂವಿಜ್ಞಾನ ಓದುತ್ತಿದ್ದಾಗ, ಕಾಲೇಜಿನ ಪ್ರವಾಸದಲ್ಲಿ. ದೋಣಿಯಿಂದ ಇಳಿದರೆ ಮರಳಿಗಿಂತ ಕಲ್ಲೇ ಹೆಚ್ಚು. ಐದು ಮೂಲೆ, ಆರು ಮೂಲೆಯ ಕಂಬಗಳು ಒತ್ತಾಗಿ ನಿಂತಿದ್ದವು. ನೆಲದೊಳಗಿಂದ ಉಕ್ಕಿದ ಲಾವಾ ಆರುತ್ತ ಕುಗ್ಗಿ, ಬಿರುಕು ಬಿಟ್ಟು ಹೀಗಾಯಿತು ಎಂದು ಮೇಷ್ಟ್ರು ವಿವರಿಸಿದರು. ಗೆಳೆಯರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಸ್ವಲ್ಪ ಜಂಬವೇ ಬಂತು. ಆರಿದ ಬೆಂಕಿಯನ್ನು ನೋಡಲು ಅವರು ದೋಣಿ ಹತ್ತಬೇಕಾಗಿತ್ತು. ನಾನು ಜಮಖಂಡಿ ಬಳಿಯ ಹುನ್ನೂರಿನ ನಮ್ಮ ಬಾವಿಗೆ ಇಳಿದರೆ ಸಾಕಿತ್ತು.

ಆ ಬಾವಿ ತೋಡಿದವರು ಅಪ್ಪ ಮತ್ತು ದೊಡ್ಡಪ್ಪ, ಅಣ್ಣತಮ್ಮ ಇಬ್ಬರೇ, ನಾಲ್ಕು ಬೇಸಿಗೆ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಬಾವಿಯ ಗೋಡೆಯಲ್ಲಿ ಎಲ್ಲವೂ ಬಿಡಿಸಿಟ್ಟಂತೆ ಕಾಣುತ್ತಿತ್ತು: ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ಆಮೇಲೆ ಕರಿಗಲ್ಲು, ಆಮೇಲೆ ಹುಳ ತಿಂದ ಕಟ್ಟಿಗೆಯಂತೆ ತೂತು ತೂತಾದ ಕಲ್ಲು, ತೂತುಗಳಲ್ಲಿ ಬಿಳಿ ಹರಳು. ತೀರಾ ತಳದಲ್ಲಿ ಇಟ್ಟಿಗೆ ಬಣ್ಣದ ಒಂದು ಪದರ. ಒಂದು ಲಾವಾ ಹರಿದು ಆರಿ, ಅದರ ಮೇಲೆ ಮಣ್ಣಾಗುವಷ್ಟು ಕಾಲ ಸುಮ್ಮನೆ ಕಳೆದು, ಮತ್ತೊಂದು ಲಾವಾ ಬಂದು ಆ ಮಣ್ಣನ್ನು ಸುಟ್ಟಿತು. ಪುಸ್ತಕದಲ್ಲಿ ಇದಕ್ಕೆ ಒಂದು ಅಧ್ಯಾಯವೇ ಇದೆ. ದೊಡ್ಡಪ್ಪ ಮೊದಲಿನಿಂದಲೂ ಅದನ್ನು ಸುಟ್ಟಮಣ್ಣು ಅಂತಲೇ ಕರೆಯುತ್ತಿದ್ದರು.

ಓದು ಮುಗಿದ ಮೇಲೆ ಜಮಖಂಡಿಯಲ್ಲಿ ನೆಲೆಸಿದೆ. ಬೋರ್ ಎಲ್ಲಿ ಹೊಡೆಸಬೇಕು ಎಂದು ಹೇಳುವುದು ನನ್ನ ಕೆಲಸ. ಅತ್ತ ಬನಹಟ್ಟಿ, ಇತ್ತ ಬೀಳಗಿ, ಎಲ್ಲ ಕಡೆ ನನ್ನ ಮಾತಿಗೆ ಬೆಲೆ ಇತ್ತು. ಮುಧೋಳದ ಕಡೆಯ ಸುಣ್ಣಕಲ್ಲಿನಲ್ಲಿ ಮಾತ್ರ ಒಮ್ಮೊಮ್ಮೆ ಎಡವುತ್ತಿದ್ದೆ. ಕರಿಗಲ್ಲು ನನ್ನದೇ ಎಂಬ ಧೈರ್ಯ.

ಕೆಲವು ವರ್ಷಗಳ ಹಿಂದೆ ದೊಡ್ಡಪ್ಪನ ಮಗ ಕಬ್ಬು ಹೆಚ್ಚಿಸಿದ. ಬಾವಿಯ ಪಂಪು ಎರಡು ತಾಸು ಓಡಿದರೆ ನಿಲ್ಲಿಸಬೇಕಾಗುತ್ತಿತ್ತು. ಬೋರ್ ಹಾಕಿಸೋಣ ಎಂದು ನನ್ನನ್ನು ಕರೆದ. ನಾನು ಹೊಲವೆಲ್ಲ ಸುತ್ತಲೇ ಇಲ್ಲ. ಕಲ್ಲಿನ ಗುಣ ಗೊತ್ತಿರುವ ಜಾಗ ಬಿಟ್ಟು ಬೇರೆ ಕಡೆ ಯಾಕೆ ಎಂದು ಬಾವಿಯಿಂದ ಹತ್ತು ಮಾರು ದೂರದಲ್ಲಿ ಗೂಟ ಹೊಡೆದೆ.

ಬೋರ್ ಕೊರೆಯುವ ಗಾಡಿ ಬಂದ ಬೆಳಿಗ್ಗೆ ದೊಡ್ಡಪ್ಪ ನನ್ನನ್ನು ಪಕ್ಕಕ್ಕೆ ಕರೆದರು. "ಸುಟ್ಟಮಣ್ಣು ದಾಟಬ್ಯಾಡಲೇ. ಅದು ಕೊಡದ ತಳ ಇದ್ಹಂಗ."

"ಅದರ ಕೆಳಗ ಇನ್ನೊಂದು ತೂತಿನ ಕಲ್ಲು ಇರತೈತ್ರಿ ದೊಡ್ಡಪ್ಪ. ಖರೆ ನೀರು ಅಲ್ಲೈತಿ," ಎಂದೆ.

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರ," ಎಂದು ನಕ್ಕರು. "ಆದ್ರೂ ಆಗಲಿ, ನೀ ಕಲತಾವ. ಹೊಡಸು."

ಕಪ್ಪು ಪುಡಿ ಬಂತು, ಕೆಂಪು ಪುಡಿ ಬಂತು, ಮತ್ತೆ ಕಪ್ಪು. ಮಧ್ಯಾಹ್ನದ ಹೊತ್ತಿಗೆ ನೀರು ಚಿಮ್ಮಿತು. ಪಕ್ಕದ ಮಣ್ಣು, ನೀರು ಒಳಗೆ ಬರದಂತೆ ತಡೆಯುವ ಕೇಸಿಂಗ್ ಪೈಪನ್ನು ಗರಸಿನವರೆಗೆ ಇಳಿಸಿದರೆ ಸಾಕು, ಕೆಳಗೆ ಗಟ್ಟಿ ಕಲ್ಲಿದೆ ಎಂದು ನಾನೇ ಹೇಳಿದೆ. ಕಾಯಿ ಒಡೆದರು, ಮನೆಯಲ್ಲಿ ಹೋಳಿಗೆ ಮಾಡಿದರು. ಅಕ್ಕಪಕ್ಕದ ಹೊಲದವರು ನಮ್ಮಲ್ಲಿಗೂ ಬರ್ರಿ ಎಂದು ಹೇಳಿ ಹೋದರು.

ಹದಿನೈದು ದಿನಕ್ಕೆ ದೊಡ್ಡಪ್ಪನ ಮಗನ ಫೋನು ಬಂತು. ಬಾವಿಯಲ್ಲಿ ನೀರು ಇಳಿದಿದೆಯಂತೆ. ಅವನಿಗೇನೂ ಚಿಂತೆಯಿರಲಿಲ್ಲ, ಬೋರ್ ಛಲೋ ಓಡುತ್ತಿತ್ತು. ನಾನು ಮಾರನೆಯ ದಿನವೇ ಹೋದೆ. ಬಾವಿಯ ತಳ ಕಾಣುತ್ತಿತ್ತು, ಕೆಂಪು ಪದರ ಇನ್ನೂ ಹಸಿಯಾಗಿತ್ತು. ಬೋರಿನ ಪಂಪು ನಿಲ್ಲಿಸಿ ಪೈಪಿನ ಬಾಯಿಗೆ ಕಿವಿಯಿಟ್ಟೆ. ಒಳಗೆ ನೀರು ಮೇಲಿನಿಂದ ಕೆಳಗೆ ಬೀಳುವ ಸದ್ದು. ನಾನು ಹೊಸ ನೀರೇನೂ ತೋರಿಸಿರಲಿಲ್ಲ. ಕೊಡದ ತಳಕ್ಕೆ ತೂತು ಹಾಕಿ, ಸೋರಿದ್ದನ್ನು ಕೆಳಗಿನಿಂದ ಎತ್ತಿಸುತ್ತಿದ್ದೆ. ಎಲ್ಲ ತಿಳಿದವನು ಮಾಡಿದ ಕೆಲಸ.

ದೊಡ್ಡಪ್ಪ ಬಾವಿಯ ಕಟ್ಟೆಯ ಮೇಲೆ ಕೂತಿದ್ದರು. ಹತ್ತಿರ ಹೋಗಿ ನಿಂತೆ.

"ತಪ್ಪಾತ್ರಿ ದೊಡ್ಡಪ್ಪ. ಬಾವಿ ನೀರು ಬೋರಿಗಿ ಇಳ್ಯಾಕತ್ತೈತಿ."

"ಗೊತ್ತೈತಿ."

"ಸುಟ್ಟಮಣ್ಣಿನ ಕೆಳಗಿನ ತನಕ ಪೈಪ್ ಇಳಿಸಿ ಬಂದ್ ಮಾಡಿದ್ರ ಬಾವಿ ತಿರಗಿ ತುಂಬತೈತ್ರಿ."

"ಬೋರು?"

"ಬತ್ತಬಹುದ್ರಿ."

ಅವರು ನನ್ನ ಕಡೆ ತಿರುಗಿದರು. "ಬತ್ತಿದ್ರ, ನಿನ್ನ ಕರಿಯಾಕ ಬರೋ ಮಂದಿ ಏನಂದಾರು?"

ನಾನು ಬೋರಿನ ಕಡೆ ನೋಡಿದೆ.

"ಇರಲಿ ಬಿಡು," ಎಂದರು. "ನಿಮ್ಮಪ್ಪನೂ ನಾನೂ ತೋಡಿದ್ದು ನೀರಿಗಿ. ನೀರಂತೂ ಬರಾಕತ್ತೈತಿ."

ಇನ್ನೊಂದು ಸಲ ಒತ್ತಾಯ ಮಾಡಿದ್ದರೆ ಒಪ್ಪುತ್ತಿದ್ದರು. ಅಷ್ಟು ನನಗೆ ಗೊತ್ತಿತ್ತು. ನಾನು ಹೂಂ ಎಂದೆ. ನಿಜ ಹೇಳಬೇಕೆಂದರೆ ಆಗ ಮೊದಲು ಎದೆ ಹಗುರಾಯಿತು. ನಾಚಿಕೆ ಬಂದದ್ದು ಆಮೇಲೆ, ಜಮಖಂಡಿಯ ಬಸ್ಸಿನಲ್ಲಿ. ಪಕ್ಕದ ಹೊಲದವರೊಬ್ಬರು ನನ್ನ ಬಳಿಯೇ ಬಂದು ಕೂತು, "ನಮ್ಮಲ್ಲಿಗಿ ಯಾವಾಗ ಬರ್ತೀರಿ ಸಾಹೇಬ್ರ? ಬಾವಿ ಬಾಜೂಕ ಒಂದು ಜಾಗಾ ತೋರಿಸ್ರಿ," ಎಂದರು.

ಸೋಮವಾರ ಬರುತ್ತೇನೆ ಎಂದೆ.