ಹುಲ್ಲಕ್ಕ ಹುಡುಕಿದ ‘ಮೇಲಿನವರು’

ಹುಲ್ಲಕ್ಕನ ಕಣ್ಣು ತಪ್ಪಿಸಿ ಬೆಳೆಯಬಲ್ಲ ಗಿಡ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ, ಮೂಗಿಗೆ ನೆಗಡಿ ಬರಿಸಿ, ಅಂಗೈಗೆ ಒಂದು ಒಣ ಎಲೆಯ ಚೂರು ಇಟ್ಟರೂ ಸಾಕು, ಅದರ ಹೆಸರು, ಕುಲ, ಅದರ ಮುತ್ತಜ್ಜಿ ಯಾವ ಗುಡ್ಡದ ಬೆನ್ನಿಗೆ ಕೂತಿದ್ದಳು ಎನ್ನುವುದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದಳು. ಓಡುವ ರೈಲಿನ ಕಿಟಕಿಯಿಂದಲೇ ಹೊಲದ ಕಳೆಗಳನ್ನು ಗುರುತಿಸುವಳು. ಕಳೆಗಳೂ ಅವಳನ್ನು ಗುರುತಿಸಿ ತಲೆಬಾಗುತ್ತಿದ್ದವೆಂದು ಜೊತೆಯವರು ಆಣೆ ಮಾಡಿ ಹೇಳುತ್ತಾರೆ. ಅದು ಗಾಳಿಗೆ ಬಾಗಿದ್ದು ಎನ್ನುವ ಅನುಮಾನದ ಪಿಶಾಚಿಗಳು ಎಲ್ಲ ಕಾಲಕ್ಕೂ ಇರುತ್ತಾರೆ, ಬಿಡಿ.

ಸಸ್ಯವಿಜ್ಞಾನ ಓದಿದ ಅವಳಿಗೆ ಹುಲ್ಲಕ್ಕ ಎಂಬ ಹೆಸರು ಬಂದದ್ದು ಊರಾಚೆಯ ಹೆದ್ದಾರಿಯ ಪಕ್ಕದ ಇಳಿಜಾರಿನಿಂದ. ಅಲ್ಲೊಂದು ಕಾಡುಹುಲ್ಲು ಬೆಳೆಯುತ್ತಿತ್ತು. ನಾವು ದಿನಾ ಉಣ್ಣುವ ಧಾನ್ಯದ ದೂರದ ದಾಯಾದಿ. ಹೊಲದಲ್ಲಿರುವ ದಾಯಾದಿ ನಾಲ್ಕು ದಿನ ನೀರು ತಪ್ಪಿದರೆ ಮುಖ ಬಾಡಿಸಿ ಮಲಗುತ್ತದೆ. ಇದೋ, ಡಾಂಬರಿನ ಕಾವಿನಲ್ಲಿ ಲಾರಿಯ ಹೊಗೆ ಕುಡಿದುಕೊಂಡು ಹಸಿರಾಗಿ ನಿಲ್ಲುವ ಗಟ್ಟಿ ಪಿಂಡ. ಬರ ಬಂದ ಕಾಲಕ್ಕೆ ನಮ್ಮ ತಟ್ಟೆ ಉಳಿಸುವ ಗುಣ ಇದರಲ್ಲಿದೆ ಎಂದು ಅವಳಿಗೆ ಖಾತ್ರಿಯಿತ್ತು. ಅದನ್ನು ಅರಿಯಲು ಗಂಡ ಕೊಟ್ಟ ಭೂತಗನ್ನಡಿ ಹಿಡಿದು ಬೋರಲಾಗಿ ಮಲಗಿ ತೆವಳುತ್ತಿದ್ದಳು. ಗಂಡನದು ಪೇಟೆಯಲ್ಲಿ ಕನ್ನಡಕದ ಅಂಗಡಿ. ಅವಳು ಹಾಗೆ ಬಿದ್ದಿರುವುದನ್ನು ಕಂಡು ಅಪಘಾತವಾಗಿದೆಯೆಂದು ಲಾರಿಯವರು ನಿಲ್ಲಿಸಿ ಇಳಿದು ಬರುತ್ತಿದ್ದರು. ಒಬ್ಬನಂತೂ ಅವಳು ಬೇಡಬೇಡವೆಂದರೂ ಮುಖಕ್ಕೆ ನೀರು ಚಿಮುಕಿಸಿಯೇ ಹೋದ.

ಆ ಹುಲ್ಲಿಗಿದ್ದ ದುರ್ಗುಣ ಒಂದೇ, ಸೋಮಾರಿತನ. ಮಿಕ್ಕ ಹುಲ್ಲೆಲ್ಲ ಬೀಜ ಉದುರಿಸಿ ಒಣಗಿದ ಮೇಲೆ ಇದು ನಿಧಾನಕ್ಕೆ ತೆನೆ ಬಿಡುವುದು. ಅಷ್ಟರಲ್ಲಿ ರಸ್ತೆಯವರ ಕತ್ತರಿಸುವ ಯಂತ್ರ ಬಂದು ಇಡೀ ಇಳಿಜಾರನ್ನು ನುಣ್ಣಗೆ ಬೋಳಿಸಿಬಿಡುವುದು. ವರ್ಷವರ್ಷವೂ ಇದೇ ಪಾಡು. ಹೊಸ ಸಸಿ ಹುಟ್ಟಲಿಲ್ಲ, ಹಳೆಯ ಬುಡಗಳು ಒಂದೊಂದಾಗಿ ಸಾಯತೊಡಗಿದವು.

ಹುಲ್ಲಕ್ಕ ಯಂತ್ರದ ಮುಂದೆ ಅಡ್ಡ ನಿಂತಳು. ಮೇಸ್ತ್ರಿ ಒಳ್ಳೆಯವನೇ, ಮೇಲಿನಿಂದ ಆರ್ಡರ್ ಅಮ್ಮಾ ಎಂದ. ಮೇಲೆ ಹೋಗಿ ಎಂಜಿನಿಯರನ್ನು ಕೇಳಿದರೆ ಅವನೂ ಮೇಲಿನಿಂದ ಎಂದ. ಅವನ ಮೇಲಿನವರು ಬಾಯಿ ಬಿಡದೆ ಬೆರಳನ್ನು ಛಾವಣಿಯ ಕಡೆ ಎತ್ತಿದರು. ಅಲ್ಲಿ ಫ್ಯಾನು ತಿರುಗುತ್ತಿತ್ತು.

ಅಂದು ಮನೆಗೆ ಬಂದವಳೇ ಕೆಸರಿನ ಬೂಟು ಕಳಚಿ ಮೂಲೆಗೆಸೆದಳು. “ಇಳಿಜಾರು ಹತ್ತಿದ್ದು ಸಾಕು. ಇನ್ನು ಮೆಟ್ಟಿಲು ಹತ್ತುತ್ತೀನಿ. ಈ ಮೇಲಿನವನು ಯಾರು ಅಂತ ನೋಡೇಬಿಡ್ತೀನಿ.”

“ಹತ್ತು ಮಾರಾಯ್ತಿ,” ಎಂದ ಗಂಡ, ಕನ್ನಡಕವೊಂದರ ಕಾಲು ಸರಿ ಮಾಡುತ್ತಾ. “ಮೇಲಿಂದ ಹುಲ್ಲು ಸಣ್ಣಗೆ ಕಾಣುತ್ತೆ, ಅಷ್ಟು ನೆನಪಿಟ್ಕೋ.”

ಹೀಗೆ ಅವಳು ವಿಜ್ಞಾನ ನೀತಿಯ ಇಲಾಖೆ ಸೇರಿದಳು. ಎತ್ತರದ ಕಟ್ಟಡ, ತೆರೆಯಲು ಬಾರದ ಕಿಟಕಿ, ಮೇಜಿನ ಪಕ್ಕದ ಕುಂಡದಲ್ಲಿ ಅಗಲ ಎಲೆಯ ಒಂದು ಗಿಡ. ಅವಳಿಗೆ ಬೇಕಾಗಿದ್ದದ್ದು ನಿಯಮದಲ್ಲಿ ಒಂದೇ ಒಂದು ವಾಕ್ಯ: ಬೀಜ ಉದುರುವ ತನಕ ರಸ್ತೆಬದಿಯ ಹುಲ್ಲು ಕತ್ತರಿಸಬಾರದು. ಎಳೆಮಗುವಿಗೂ ತಿಳಿಯುವ ಮಾತು. ಆದರೆ ಅದನ್ನು ಒಪ್ಪಬೇಕಾದ ಸಮಿತಿಯಲ್ಲಿ ಎಳೆಮಕ್ಕಳಿರಲಿಲ್ಲ.

ಬೀಜ ಉದುರಿತೆಂದು ತೀರ್ಮಾನಿಸುವ ಅಧಿಕಾರ ಯಾರದು ಎಂದರು ಕಾನೂನಿನವರು. ಹುಲ್ಲು ಬಿಟ್ಟರೆ ಹಾವು ಬರುತ್ತದೆ ಎಂದರು ಆರೋಗ್ಯದವರು. ರಸ್ತೆಯವರು ಯಂತ್ರಕ್ಕೆ ಬೇಜಾರಾಗುತ್ತದೆ ಎನ್ನುವ ಧಾಟಿಯಲ್ಲಿ ಮಾತಾಡಿದರು. ಅಧ್ಯಕ್ಷರು ಎಲ್ಲರ ಮಾತಿಗೂ ತಲೆದೂಗಿ, ಚಹಾ ತರಿಸಿ, ವಿಷಯವನ್ನು ಉಪಸಮಿತಿಗೆ ತಳ್ಳಿದರು. ಉಪಸಮಿತಿ ಅದನ್ನು ಮತ್ತೆ ಸಮಿತಿಗೆ ತಳ್ಳಿತು. ಕೋಣದ ಹಾಗೆ ಒಳಹೋದ ವಾಕ್ಯ ಹೊರಬರುವಾಗ ಕೋಣದ ಬಾಲದ ಕೂದಲಾಗಿರುತ್ತಿತ್ತು; ಅವಳು ಮತ್ತೆ ಮೈಗೆ ಮಾಂಸ ಹಚ್ಚಿ ಒಳಗೆ ಅಟ್ಟುತ್ತಿದ್ದಳು. ಸಭೆಯ ಮೇಜಿನ ಅಂಚಿನಲ್ಲಿ ಅವಳ ಹಲ್ಲಿನ ಗುರುತು ಇಂದಿಗೂ ಇದೆಯಂತೆ. ಆ ವರ್ಷಗಳಲ್ಲಿ ಇಳಿಜಾರಿನ ಕಡೆ ಒಮ್ಮೆಯೂ ಹೋಗಲಾಗಲಿಲ್ಲ.

ಒಂದು ಮಧ್ಯಾಹ್ನ ಗಂಡ ಅವಳ ಹೊಸ ಕನ್ನಡಕ ಕೊಡಲು ಆಫೀಸಿಗೆ ಬಂದ. ಅವಳು ಕಡತದಿಂದ ತಲೆಯೆತ್ತದೆ ಒಂದು ಕೈಯಲ್ಲಿ ಕುಂಡಕ್ಕೆ ನೀರು ಹನಿಸುತ್ತಿದ್ದಳು.

“ಪಾಪ, ಬಂದಾಗಿನಿಂದ ನೀರು ಹಾಕ್ತಿದೀನಿ. ಬೆಳೀತಾನೇ ಇಲ್ಲ,” ಎಂದಳು.

ಗಂಡ ಎಲೆಯನ್ನು ಎರಡು ಬೆರಳಿನಲ್ಲಿ ಉಜ್ಜಿ ನೋಡಿದ. “ಬೆಳೆಯಲ್ಲ ಕಣೇ. ಪ್ಲಾಸ್ಟಿಕ್ಕು.”

ಅವಳು ತಲೆಯೆತ್ತಿದಳು. ಅವನು ನಗಲಿಲ್ಲ, ನಾಳೆ ಅಂಗಡಿಗೆ ಬಾ, ಕಣ್ಣು ನೋಡೋಣ ಎಂದಷ್ಟೇ ಅಂದ. ಕಣ್ಣು ಸರಿಯಾಗೇ ಇದೆ, ನೋಡೋಕೆ ಪುರುಸೊತ್ತಿಲ್ಲ ಎಂದು ಸಿಡುಕಿ ಅವಳು ಮತ್ತೆ ಕಡತಕ್ಕೆ ಬಗ್ಗಿದಳು. ಓಡುವ ರೈಲಿನಿಂದ ಕಳೆ ಗುರುತಿಸಿದ ಕಣ್ಣು ಅದೇ.

ಕೊನೆಗೆ ಅವಳ ಹಟಕ್ಕೆ ಸುಸ್ತಾಗಿಯೋ ಏನೋ, ವಾಕ್ಯ ಒಂದು ಕೂದಲೂ ಕೊಂಕದೆ ಒಪ್ಪಿಗೆಯಾಯಿತು. ಅಧ್ಯಕ್ಷರಿಗೆ ಇದ್ದಕ್ಕಿದ್ದಂತೆ ಹುಲ್ಲಿನ ಮೇಲೆ ಎಲ್ಲಿಲ್ಲದ ಮಮತೆ ಉಕ್ಕಿತು. ಘೋಷಣೆಯ ಸಮಾರಂಭ ಆ ಇಳಿಜಾರಿನಲ್ಲೇ ಆಗಲಿ ಎಂದರು. ಸಮಾರಂಭದ ಉಸ್ತುವಾರಿಯವನು ಹುಲ್ಲಕ್ಕನಿಗೆ ಫೋನು ಮಾಡಿ ಕುರ್ಚಿ, ಮೈಕು, ಫಲಕ ಎಂದು ಒಂದೊಂದೇ ಕೇಳಿದ. ಅವಳು ಕಾನೂನಿನವರ ಜೊತೆ ಕೊನೆಯ ಜಗಳದಲ್ಲಿದ್ದಳು. ಜಾಗ ಕ್ಲೀನ್ ಮಾಡಿಸೋದಾ ಮೇಡಂ ಎಂದದ್ದಕ್ಕೂ, ಹೂಂ, ಮಾಡ್ಸಿ ಎಂದು ಫೋನಿಟ್ಟಳು.

ಸಮಾರಂಭದ ದಿನ ಎಲ್ಲರಿಗಿಂತ ಮೊದಲು ಹೋಗಿ ನೋಡುತ್ತಾಳೆ, ಇಳಿಜಾರು ಆಗತಾನೇ ಕ್ಷೌರ ಮಾಡಿಸಿದ ಮದುಮಗನ ಕೆನ್ನೆಯಂತೆ ಮಿರುಗುತ್ತಿದೆ. ಕಾಳುಕಟ್ಟದ ಹಸಿ ತೆನೆಯೆಲ್ಲ ಲಾರಿ ಹತ್ತಿ ಹೋಗಿಯಾಗಿತ್ತು. ಅದೇ ಮೇಸ್ತ್ರಿ, ತಲೆಗೂದಲು ನರೆತಿತ್ತು, ಶಹಬ್ಬಾಸ್‌ಗಿರಿಗೆ ಕಾದವನಂತೆ ನಿಂತಿದ್ದ.

“ಯಾರು ಹೇಳಿದ್ದು ನಿಂಗೆ?”

“ಮೇಲಿನವರು ಅಮ್ಮಾ.”

“ಯಾವ ಮೇಲಿನವರು?”

ಮೇಸ್ತ್ರಿ ಅವಳನ್ನು ಕನಿಕರದಿಂದ ನೋಡಿದ. “ನೀವೇ ಅಲ್ವಾ ಅಮ್ಮಾ?”

ಅವಳಿಗೆ ಫೋನು ನೆನಪಾಯಿತು. ಇಷ್ಟು ವರ್ಷ ಅಷ್ಟು ಮೆಟ್ಟಿಲು ಹತ್ತಿ ಹುಡುಕಿದ ಆಸಾಮಿ ಕೊನೆಗೂ ಸಿಕ್ಕಿತ್ತು. ಕೆನ್ನೆಗೆ ಬಾರಿಸೋಣವೆಂದರೆ ಕೆನ್ನೆ ತನ್ನದೇ. ಅವಳು ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಮಂಡಿಯೂರಿ, ಕುರ್ಚಿಗಳ ಸಾಲಿನ ನಡುವೆ ತೆವಳಿದಳು. ಕೂಳೆಗಳ ಬುಡಕ್ಕೆ ಬೆರಳು ತೂರಿಸಿ, ಕನ್ನಡಕ ತೆಗೆದು, ಮಣ್ಣು ಮೂಸಿದಳು. ಬೇರು ಇನ್ನೂ ಹಸಿಯಾಗಿತ್ತು, ಬದುಕಿತ್ತು. ಬೀಜ ಮಾತ್ರ ಈ ವರ್ಷವೂ ಇಲ್ಲ.

ಜನ ಬಂದರು, ಕುರ್ಚಿಗಳು ಮೆತ್ತನೆಯ ನೆಲಕ್ಕೆ ಹೂತುಕೊಂಡವು. ಅಧ್ಯಕ್ಷರು ಕೂತಲ್ಲೇ ಮೈಕು ತರಿಸಿಕೊಂಡು, ಈ ಹುಲ್ಲಿಗಾಗಿ ತಾವು ಪಟ್ಟ ಪಾಡನ್ನು ಗಂಟಲು ಕಟ್ಟುವ ತನಕ ಬಣ್ಣಿಸಿದರು. ಆಮೇಲೆ ಸುತ್ತ ಕಣ್ಣಾಡಿಸಿ, ಮಂಡಿಗೆ ಮಣ್ಣು ಮೆತ್ತಿಕೊಂಡು ನಿಂತಿದ್ದ ಹುಲ್ಲಕ್ಕನ ಕಡೆ ತಿರುಗಿದರು.

“ಅಂದಹಾಗೆ ಎಲ್ಲಿ ಮೇಡಂ ನಿಮ್ಮ ಹುಲ್ಲು? ಎಲ್ಲರಿಗೂ ಒಂದ್ಸಲ ತೋರಿಸಿಬಿಡಿ.”

ಹುಲ್ಲಕ್ಕ ಮೈಕು ಇಸಿದುಕೊಂಡಳು. “ಇಷ್ಟು ವರ್ಷದಿಂದ ನಾನೂ ನೀವೂ ಕೂತಿರೋದು ಅದರ ಮೇಲೇ ಸಾರ್. ನಾನು ಎದ್ದಿದೀನಿ, ನೀವೂ ಏಳಿ, ಕಾಣುತ್ತೆ.”