ಗದ್ದೆಹಾಡಿನ ಅಮ್ಮು

ಅಮ್ಮುವಿಗೆ ಮೂವರು ಗಂಡಸರು ಎಂದು ಒಂದು ಕಾಲದಲ್ಲಿ ಇಡೀ ಗದ್ದೆ ಹಾಡಿತ್ತು. ಒಬ್ಬ ಹೊಳೆ ದಾಟಿಸುವ ದೋಣಿಯವ, ಒಬ್ಬ ಕಳ್ಳು ಇಳಿಸುವ ಮೂರ್ತೆಯವ, ಇನ್ನೊಬ್ಬ ಬಳೆ ಮಾರುವವ. ಹಾಡಿನ ಹೊರಗಿದ್ದ ಅಮ್ಮುವಿಗೆ ಒಬ್ಬನೂ ಇರಲಿಲ್ಲ. ಎಪ್ಪತ್ತು ದಾಟಿದ ಈಗಲೂ ಇಲ್ಲ.

ಅವಳಿರುವುದು ಅಣ್ಣ ವಾಸಪ್ಪನ ಮನೆಯಲ್ಲಿ. ಹೊಸಂಗಡಿಯಿಂದ ಒಳಗೆ ಬರುವ ಬಸ್ಸು ಸಣ್ಣ ಹಳ್ಳದಂಥ ತೋಡಿನ ಸಂಕ ದಾಟಿದ ಕೂಡಲೇ ಎಡಕ್ಕೆ ಕಾಣುವ ಹೆಂಚಿನ ಮನೆ. ವಾಸಪ್ಪ ತೀರಿಹೋಗಿ ವರ್ಷಗಳಾದವು. ಅವನ ಹೆಂಡತಿ ಪೂವಕ್ಕ ಇದ್ದಾಳೆ, ರಿಕ್ಷಾ ಓಡಿಸುವ ಮಗ ಲತೀಶ್ ಇದ್ದಾನೆ, ಶಾಲೆಗೆ ಹೋಗುವ ಮೊಮ್ಮಗಳು ಯಶ್ಮಿತಾ ಇದ್ದಾಳೆ. ಅತ್ತಿಗೆ ನಾದಿನಿ ಇಬ್ಬರೂ ಒಂದೇ ಜಗಲಿಯಲ್ಲಿ ಎದುರುಬದುರು ಕೂತು ಬೀಡಿ ಕಟ್ಟಿ ಕಟ್ಟಿ ಬೆರಳು ಸವೆಸಿದವರು. ಒಂದೇ ಒಲೆಯ ಬೂದಿ ತೆಗೆದವರು. ಆದರೂ ಅಷ್ಟು ವರ್ಷ ಅವರಿಬ್ಬರ ನಡುವೆ ಆ ಹಾಡಿನ ಸುದ್ದಿ ಬಂದದ್ದಿಲ್ಲ.

ಪೂವಕ್ಕ ಮದುವೆಯಾಗಿ ಬಂದಾಗ ಅಮ್ಮು ಇನ್ನೂ ಲಂಗ ಬಿಟ್ಟು ಸೀರೆಗೆ ಬಂದವಳು ಅಷ್ಟೆ. ಮದುಮಗಳು ಪೆಟ್ಟಿಗೆಯಲ್ಲಿ ತಂದದ್ದು ಎರಡು ಸೀರೆ. ಬಾಯಲ್ಲಿ ತಂದದ್ದು ಒಂದು ಅಕ್ಕಿಮುಡಿಯಷ್ಟು ಹಾಡು. ಆ ಮಳೆಗಾಲದಲ್ಲಿಯೇ ಧಣಿಗಳ ಗದ್ದೆಯಲ್ಲಿ ಭತ್ತದ ನೇಜಿ ನೆಡುವ ಹೆಂಗಸರು ಅವಳನ್ನು ಮುಂದೆ ನಿಲ್ಲಿಸಿದರು. ಅವಳು ಹೇಳಿಕೊಡಬೇಕು, ಉಳಿದವರು "ಓ" ಎಂದು ಎತ್ತಿಕೊಳ್ಳಬೇಕು. ಬೆಳಿಗ್ಗೆ ದೇವರ ಹಾಡು, ದೈವದ ಹಾಡು. ಹೊತ್ತು ನೆತ್ತಿಗೇರಿ, ಸೊಂಟ ಇನ್ನು ನನ್ನದಲ್ಲ ಎನ್ನುವ ಹಾಗಾದಾಗ ಪೋಲಿ ಹಾಡು. ಅದೊಂದು ಬಂದರೆ ಬಗ್ಗಿದ ಸೊಂಟಕ್ಕೆ ಮತ್ತೆ ಜೀವ ಬರುತ್ತಿತ್ತು.

ಆ ಹಾಡಿಗೆ ಅದರದ್ದೇ ಕಟ್ಟುಪಾಡು ಉಂಟು. ಹಾಡಿನ ಹೆಣ್ಣಿಗೆ ಹೆಸರಿಲ್ಲ. ಹೆಸರಿನ ಜಾಗ ಖಾಲಿ. ಅಲ್ಲಿ ಅತ್ತಿಗೆಯಾದವಳು ನಾದಿನಿಯ ಹೆಸರು ಹಾಕಬಹುದು, ನಾದಿನಿ ಅತ್ತಿಗೆಯದ್ದು ಹಾಕಬಹುದು. ಬೇರೆ ಯಾರು ಹಾಕಿದರೂ ಜಗಳವೇ. ತನ್ನ ಹೆಸರು ತಾನೇ ಹಾಕಿಕೊಂಡವಳನ್ನಂತೂ ಯಾರೂ ಕಂಡದ್ದಿಲ್ಲ. ಮತ್ತೆ, ಕಾಲು ಕೆಸರಿನಲ್ಲಿ ಇದ್ದಷ್ಟು ಹೊತ್ತು ಮಾತ್ರ ಆ ಹಾಡು. ಸಂಜೆ ತೋಡಿಗಿಳಿದು ಕಾಲು ತೊಳೆದರೆ ಕೆಸರಿನೊಟ್ಟಿಗೆ ಹಾಡೂ ಹರಿದುಹೋಯಿತು. ದೀಪ ಹಚ್ಚುವ ಮನೆಗೆ ಅದರ ಒಂದು ಅಕ್ಷರ ಬರಬಾರದು.

ಪೂವಕ್ಕ ಹಾಕಿದ್ದು ಅಮ್ಮುವಿನ ಹೆಸರು. ಅವರ ತುಳುವಿನಲ್ಲಿದ್ದ ಆ ಹಾಡನ್ನು ಕನ್ನಡದಲ್ಲಿ ಹೇಳಿದರೆ ಹೀಗೆ:

ದೋಣಿಯವ ಕೂಲಿ ಕೇಳಿದ, ಓ
ಅಮ್ಮು ಸೆರಗು ಬಿಚ್ಚಿ ವೀಳ್ಯ ಕೊಟ್ಟಳು, ಓ
ವೀಳ್ಯ ತಿಂದವ ಹುಟ್ಟು ಬಿಟ್ಟ
ದೋಣಿ ಕಡಲಿಗೆ ಹೋಯಿತು, ಓ

ಆಮೇಲೆ ಮೂರ್ತೆಯವ ಮರದ ತುದಿಯಲ್ಲಿ, ಅಮ್ಮು ಬುಡದಲ್ಲಿ. ಮೇಲೆ ಕಳ್ಳು ಉಕ್ಕಿದರೆ ಕೆಳಗೆ ಕೊಡ ತುಂಬಿತು. ಬಳೆಯವ ಒಂದು ಕೈಗೆ ಬಳೆ ತೊಡಿಸುವಷ್ಟರಲ್ಲಿ ಕತ್ತಲಾಯಿತು, ಇನ್ನೊಂದು ಕೈಗೆ ತೊಡಿಸುವಷ್ಟರಲ್ಲಿ ಬೆಳಗಾಯಿತು. ಹೆಂಗಸರು ನಕ್ಕು ನಕ್ಕು ಕೈಯ ನೇಜಿ ಕೆಸರಿಗೆ ಬೀಳಿಸುತ್ತಿದ್ದರು. ಅಮ್ಮು ನಾಚಿ ಮುಖವನ್ನು ಮೊಣಕಾಲಿಗೆ ಮುಟ್ಟಿಸುತ್ತಿದ್ದಳು. "ಥೂ, ನಿಮಗೆ ನಾಚಿಕೆ ಇಲ್ಲ ಅತ್ತಿಗೆ" ಎನ್ನುತ್ತಿದ್ದಳು. ಕಿವಿ ಮಾತ್ರ ಮುಂದಿನ ಸಾಲಿಗೆ ಕಾಯುತ್ತಿತ್ತು.

ಅಮ್ಮು ಬೇರೆ ಹಾಡುಗಳನ್ನೂ ಕೇಳಿದವಳೇ. ಮದುವೆ ಹಾಡಿನ ಹೆಣ್ಣು ತಾಯಿಮನೆ ಬಿಟ್ಟು ಅಳುತ್ತಾಳೆ. ದೈವಗಳ ಕತೆ ಹೇಳುವ ಪಾಡ್ದನದ ಹೆಣ್ಣು ಮಾನಕ್ಕಾಗಿ ಕೆರೆಗೋ ಕೊಂಡಕ್ಕೋ ಹಾರಿ ಸತ್ತು, ಆಮೇಲೆ ದೈವವಾಗಿ ಕೈ ಮುಗಿಸಿಕೊಳ್ಳುತ್ತಾಳೆ. ಸಾಯದವಳು ಗದ್ದೆಹಾಡಿನ ಈ ಪೋಲಿ ಹೆಣ್ಣು ಒಬ್ಬಳೇ. ಅವಳಿಗೆ ಯಾರೂ ಹೊಡೆಯುವುದಿಲ್ಲ. ಊರೆಲ್ಲ ಸುತ್ತಿ, ಕೊಡೆ ಎಲ್ಲಿಯೋ ಮರೆತು, ಹೊತ್ತು ಮುಳುಗುವಾಗ ಸಲೀಸಾಗಿ ಮನೆಗೆ ಬರುತ್ತಾಳೆ. ಅತ್ತೆ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ "ಸೊಪ್ಪಿಗೆ" ಎನ್ನುತ್ತಾಳೆ. ಅಂಥವಳಿಗೆ ತನ್ನ ಹೆಸರು ಇದೆಯಲ್ಲ ಎಂದು ಅಮ್ಮುವಿಗೆ ಒಳಗೊಳಗೇ ಒಂದು ಹಿಗ್ಗು.

ಮೂರನೆಯ ಮಳೆಗಾಲದಲ್ಲಿ ಮಂಜೇಶ್ವರದ ಕಡೆಯಿಂದ ಅವಳನ್ನು ನೋಡಲು ಜನ ಬಂದರು. ಹುಡುಗನ ಸೋದರಮಾವನದು ಬಟ್ಟೆ ಅಂಗಡಿ. ಅವರ ಮನೆಯಲ್ಲಿ ಗದ್ದೆಗಿಳಿಯುವುದನ್ನು ಬಿಟ್ಟು ಒಂದು ತಲೆಮಾರು ಕಳೆದಿತ್ತು. ಅವರು ಕೊಡೆ ಹಿಡಿದು ಗದ್ದೆಯಂಚಿನ ಹುಣಿಯ ಮೇಲೆ ಸಾಲಾಗಿ ನಡೆದು ಬರುವಾಗ ಗದ್ದೆಯಲ್ಲಿ ಹಾಡು ದೋಣಿಯಿಂದ ಇಳಿದು ಮರದ ಬುಡಕ್ಕೆ ಬಂದಿತ್ತು. ಸೋದರಮಾವ ನಿಂತ. ಪೂರ್ತಿ ಕೇಳಿದ. "ಈ ಹುಡುಗಿಯ ಹೆಸರು ಆಗಲೇ ಗದ್ದೆ ತುಂಬ ಉಂಟಲ್ಲ" ಎಂದು ಹೇಳಿ, ಬಂದ ಹುಣಿಯಲ್ಲೇ ಎಲ್ಲರನ್ನೂ ತಿರುಗಿಸಿಕೊಂಡು ಹೋದ. ಅದು ಹಾಡಿನ ಹೆಸರು, ಹುಡುಗಿಯದ್ದಲ್ಲ ಎಂದು ವಾಸಪ್ಪ ಬಸ್ಸಿನವರೆಗೆ ಓಡಿದ. ಅಂಗಡಿಯವನಿಗೆ ಅದು ತಲೆಗೆ ಹೋಗಲಿಲ್ಲ.

ಆ ಸಂಜೆ ಅಮ್ಮುವಿನ ತಾಯಿ ಸೊಸೆಯ ಮುಂದೆ ನಿಂತು, "ನಿನ್ನ ನಾಲಗೆ ನನ್ನ ಮಗಳ ಕರಿಮಣಿ ತಿಂದಿತು" ಎಂದಳು. ಪೂವಕ್ಕ ಮರುದಿನ ಗದ್ದೆಗೆ ಬಂದಳು, ದೇವರ ಹಾಡು ಹೇಳಿಕೊಟ್ಟಳು, ಮಧ್ಯಾಹ್ನ ಬಾಯಿ ಮುಚ್ಚಿದಳು. ಪೋಲಿ ಹಾಡನ್ನು ಬೇರೆಯವಳು ಎತ್ತಿಕೊಂಡಳು. ಅವಳು ತನ್ನ ನಾದಿನಿ ಬಾಗಿಯ ಹೆಸರು ಹಾಕಿದಳು. ಅದೇ ದೋಣಿ, ಅದೇ ವೀಳ್ಯ. ಅಮ್ಮು ಸಾಲಿನ ಕೊನೆಯಲ್ಲಿ ಬಗ್ಗಿ "ಓ" ಎನ್ನುತ್ತ, ಬಾಗಿಯ ಮೇಲೆ ಹೊಟ್ಟೆಕಿಚ್ಚಿನಿಂದ ಬೆಂದಳು. ಮದುವೆ ತಪ್ಪಿದ್ದಕ್ಕೆ ಬಾರದ ಅಳು ಆ ದಿನ ಬಂತು. ಮಳೆ ಇತ್ತು, ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಇನ್ನೂ ಒಂದೆರಡು ಕಡೆಯಿಂದ ಕೇಳಿದರು, ಸರಿಹೊಂದಲಿಲ್ಲ. ಪ್ರಾಯ ಕಳೆಯಿತು. ಧಣಿಗಳು ಗದ್ದೆಯನ್ನು ಮಾರಿದರು. ಕೊಂಡವರು ಕೆಂಪು ಮಣ್ಣು ತಂದು ಸುರಿದರು. ಈಗ ಅಲ್ಲಿ ಹುಡುಗರು ಕಾಲ್ಚೆಂಡು ಆಡುವ ಟರ್ಫ್ ಆಗಿದೆ. ಪ್ಲಾಸ್ಟಿಕ್ಕಿನ ಹುಲ್ಲು, ಸುತ್ತ ಬಲೆ. ಎಂಥ ಮಳೆ ಬಂದರೂ ಅಲ್ಲಿ ಕೆಸರಾಗುವುದಿಲ್ಲ. ಪೂವಕ್ಕ ಭಜನಾ ಮಂದಿರದ ಹಿರಿಯಳಾದಳು. ಶನಿವಾರ ಅವಳು ತಾಳ ಹಿಡಿದರೆ ರಸ್ತೆಯಲ್ಲಿ ಹೋಗುವವರೂ ಒಂದು ಗಳಿಗೆ ನಿಲ್ಲುತ್ತಿದ್ದರು. ಅಮ್ಮು ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದಳು. ದೇವರು ಅವಳನ್ನು ಕ್ಷಮಿಸಲಿ, ಅವಳ ಮನಸ್ಸು ಆ ಸ್ವರದ ಹಿಂದೆ ಹೋಗಿ ದೋಣಿ ಹತ್ತುತ್ತಿತ್ತು.

ಈ ವರ್ಷ ಪೂವಕ್ಕನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತು. ಮಂಗಳೂರಿನ ಡಾಕ್ಟರು ಆಪರೇಷನ್ ಆಗಬೇಕು ಎಂದರು. "ಹೆದರುವಂಥದ್ದು ಎಂತದೂ ಇಲ್ಲ. ಆದ್ರೆ ಸ್ವರದ ನರ ಅಲ್ಲೇ ಹತ್ತಿರ ಉಂಟು. ಮತ್ತೆ ಮೊದಲಿನ ಹಾಗೆ ಹಾಡ್ಲಿಕ್ಕೆ ಆಗ್ತದೆ ಅಂತ ಮಾತು ಕೊಡ್ಲಿಕ್ಕೆ ಆಗುದಿಲ್ಲ" ಎಂದರು. ಶುಭಕ್ಕೆ ಆಗದ ಆಟಿ ತಿಂಗಳು ಕಳೆಯಲಿ, ಮುಂದಿನ ಸೋಣ ತಿಂಗಳಲ್ಲಿ ಮಾಡಿಸುವ ಎಂದು ಮನೆಯವರು ನಿಶ್ಚಯ ಮಾಡಿದರು.

"ಇಷ್ಟು ವರ್ಷ ಹಾಡಿದ್ದು ಸಾಕು. ದೇವರಿಗೂ ಕೇಳಿ ಕೇಳಿ ಬೇಜಾರಾಗಿರ್ಬಹುದು" ಎಂದು ಪೂವಕ್ಕ ನಕ್ಕಳು.

ಅಮ್ಮುವಿಗೆ ನಗು ಬರಲಿಲ್ಲ. ಆ ಗಂಟಲಿನಲ್ಲಿ ಇನ್ನೊಬ್ಬ ಅಮ್ಮು ಇದ್ದಾಳೆ. ಗಂಟಲು ಹೋದರೆ ಅವಳೂ ಹೋದಳು.

ಮರುದಿನ ಜಗಲಿಯಲ್ಲಿ ಹಲಸಿನ ತೊಳೆ ಬಿಡಿಸುವಾಗ ಮೆಲ್ಲ ಕೇಳಿದಳು. "ಅತ್ತಿಗೆ, ಆ ದೋಣಿಯವನ ಹಾಡು ನೆನಪುಂಟಾ ನಿಮಗೆ?"

ಪೂವಕ್ಕನ ಕೈ ನಿಂತಿತು. "ಮನೆಯೊಳಗೆ ಎಂತ ಮಾತು ಅದು?"

"ಇದು ಜಗಲಿ ಅಲ್ವಾ?"

"ಜಗಲಿಯೂ ಮನೆಯೇ. ಅದನ್ನು ಹಾಡ್ಲಿಕ್ಕೆ ಗದ್ದೆ ಬೇಕು. ಗದ್ದೆ ಎಲ್ಲುಂಟು ಈಗ?"

ಅಮ್ಮು ಹಲಸಿನ ಮೇಣ ತಾಗಿದ ಕೈಗೆ ಎಣ್ಣೆ ಹಚ್ಚಿ ತೊಳೆದು, ನೇರ ಹಿತ್ತಿಲಿಗೆ ಹೋದಳು. ತೋಡಿನ ಬದಿಯಲ್ಲಿ ಕೆಸುವಿನ ಗಿಡ ಬೆಳೆದ ಒಂದು ತಗ್ಗು ಇತ್ತು, ಎರಡು ಚಾಪೆ ಹಾಸಿದಷ್ಟು ಜಾಗ. ಕೆಸು ಕಿತ್ತಳು. ಹಾರೆ ಹಿಡಿದಳು. ಲತೀಶನ ಹತ್ತಿರ ಹೇಳಿ ಕೃಷಿಭವನದಿಂದ ಬೇಗ ತೆನೆ ಬಿಡುವ ಭತ್ತದ ಬೀಜ ಒಂದು ಹಿಡಿ ತರಿಸಿ, ಒಡೆದ ಟಬ್ಬಿನಲ್ಲಿ ಮಣ್ಣು ತುಂಬಿಸಿ ಬಿತ್ತಿದಳು.

"ಎಂತ ಮಾಮಿ ಇದು? ಇದರಲ್ಲಿ ಬೆಳೆದ ಅಕ್ಕಿ ಕಾಗೆಗೆ ಇಡ್ಲಿಕ್ಕೂ ಸಾಲ್ಲಿಕ್ಕಿಲ್ಲ" ಎಂದು ಲತೀಶ್ ತಮಾಷೆ ಮಾಡಿದ.

"ಅಕ್ಕಿಗಲ್ಲ ಮಾರಾಯ, ತೆನೆಗೆ. ನವರಾತ್ರಿಗೆ ಕಂಬಕ್ಕೆ, ಬಾವಿಗೆ, ತುಳಸಿಗೆ ಕಟ್ಟುವ ತೆನೆಗೂ ಇನ್ನೊಬ್ಬರ ಹತ್ತಿರ ಕೈ ನೀಡುದು ಎಷ್ಟು ವರ್ಷ?"

ತೆನೆಯ ಹೆಸರು ಹೇಳಿದ ಮೇಲೆ ಪೂವಕ್ಕ ಬೇಡ ಎನ್ನುವ ಹಾಗಿರಲಿಲ್ಲ. ನೇಜಿ ಗೇಣುದ್ದ ಆದಾಗ ಅಮ್ಮು ಕರೆದಳು. "ಅತ್ತಿಗೆ, ಒಬ್ಬಳೇ ನೆಟ್ಟರೆ ಸಾಲು ಸೊಟ್ಟ ಆಗ್ತದೆ."

ಮಧ್ಯಾಹ್ನದ ಮೇಲೆ ಮಳೆ ಸ್ವಲ್ಪ ಬಿಟ್ಟಿತ್ತು. ಪೂವಕ್ಕ ಸೀರೆ ಎತ್ತಿ ಕಟ್ಟಿ, ಅಮ್ಮುವಿನ ಹೆಗಲು ಹಿಡಿದು ಕೆಸರಿಗೆ ಕಾಲಿಟ್ಟಳು. ಹಿಮ್ಮಡಿ ಹೂತು, ಬೆರಳ ಸಂದಿಯಿಂದ ಕೆಸರು ಮೇಲೆ ಬಂತು. "ಅಯ್ಯೋ ದೇವ್ರೇ" ಎಂದಳು, ಬಿಟ್ಟು ಹೋದ ತಂಗಿಯನ್ನು ಕಂಡವಳ ಹಾಗೆ.

ಇಬ್ಬರೂ ಬಗ್ಗಿ ನೆಡತೊಡಗಿದರು. ಎರಡು ಹೆಜ್ಜೆ ಹಿಂದೆ ಸರಿದರೆ ಗದ್ದೆಯೇ ಮುಗಿಯುವಂತಿತ್ತು. ಅದಕ್ಕೆ ಅಮ್ಮು ಒಂದೊಂದು ಬುಡವನ್ನೂ ಮಗುವನ್ನು ತೊಟ್ಟಿಲಿಗೆ ಹಾಕಿದ ಹಾಗೆ ನಿಧಾನಕ್ಕೆ ಊರುತ್ತಿದ್ದಳು. ಪೂವಕ್ಕನೂ ನಿಧಾನವಾದಳು. ತಲೆ ಎತ್ತದೆ ಹೇಳಿದಳು, "ನೀನು ತೆನೆಗೆ ಮಾಡಿದ್ದಲ್ಲ ಇದು."

"ತೆನೆಗೂ ಆಯ್ತು."

"ನನ್ನ ಬಾಯಿಂದ ಆ ಜಾಗದಲ್ಲಿ ನಿನ್ನ ಹೆಸರು ಬರುದಿಲ್ಲ ಅಮ್ಮು. ಅತ್ತೆ ಹೇಳಿದ್ದು ಕಿವಿಯಲ್ಲಿ ಹಾಗೇ ಉಂಟು."

"ಅಮ್ಮ ಹೇಳಿದ್ದು ಅಮ್ಮನ ಸಂಕಟಕ್ಕೆ. ನನ್ನ ಹತ್ತಿರ ಕೇಳಿದ್ರಾ ನೀವು? ಹುಣಿಯಿಂದ ತಿರುಗಿ ಹೋದವನ ಮುಖವನ್ನೇ ನಾನು ನೋಡಿದ್ದಿಲ್ಲ. ನೋಡದವನಿಗೆ ಅಳುದು ಎಂತಕ್ಕೆ? ದೋಣಿಯವನ ಮುಖ ಗೊತ್ತುಂಟು ನನಗೆ. ಮೂಗಿನ ಹತ್ತಿರ ಒಂದು ಮಚ್ಚೆ ಉಂಟು ಅವನಿಗೆ."

ಪೂವಕ್ಕ ಸೊಂಟ ನೆಟ್ಟಗೆ ಮಾಡಿ ಅವಳನ್ನೇ ನೋಡಿದಳು. "ಮಚ್ಚೆಯಾ? ನಾನು ಮಚ್ಚೆ ಹಾಡಿಯೇ ಇಲ್ಲ!"

"ನಾನು ಇಟ್ಟದ್ದು" ಎಂದಳು ಅಮ್ಮು. "ನೀವು ನನ್ನ ಮದುವೆ ತಪ್ಪಿಸಿದ್ರಿ ಅಂತ ನನಗೆ ಬೇಜಾರಿಲ್ಲ ಅತ್ತಿಗೆ. ಮೂವರನ್ನೂ ಕರ್ಕೊಂಡು ಹೋದ್ರಲ್ಲ, ಅದಕ್ಕೆ."

ಪೂವಕ್ಕನಿಗೆ ನಗು ಬಂತೋ ಅಳು ಬಂತೋ, ಕುತ್ತಿಗೆಯ ಗಂಟು ಮೇಲೆ ಕೆಳಗೆ ಹೋಯಿತು. ಮತ್ತೆ ಬಗ್ಗಿದಳು. ಒಂದು ನೇಜಿ ನೆಟ್ಟಳು, ಇನ್ನೊಂದು ನೆಟ್ಟಳು. ಆಮೇಲೆ, ಯಾರೋ ದೂರದಲ್ಲಿ ಹಾಡಿದ ಹಾಗೆ, ಸಣ್ಣಕ್ಕೆ ಹೊರಟಿತು.

ದೋಣಿಯವ ಕೂಲಿ ಕೇಳಿದ…

"ಓ" ಎಂದಳು ಅಮ್ಮು.

ಮುಂದಿನದ್ದು ಹೆಸರು. ಪೂವಕ್ಕನ ಸ್ವರ ಅಲ್ಲಿಯವರೆಗೆ ಬಂದು ನಿಂತಿತು. ತುಟಿ ಅಲುಗಿತು, ಹೆಸರು ಬರಲಿಲ್ಲ. ಅಮ್ಮು ಕಾದಳು. ಇಷ್ಟು ವರ್ಷ ಕಾದವಳಿಗೆ ಆ ಒಂದು ಗಳಿಗೆ ಕಾಯಲು ಆಗಲಿಲ್ಲ. ಯಾರೂ ಮಾಡದ ಕೆಲಸವನ್ನು ಅವಳು ಮಾಡಿದಳು. ತನ್ನ ಒಡಕು ಸ್ವರದಲ್ಲಿ ತಾನೇ ಹಾಡಿಬಿಟ್ಟಳು.

"ಅಮ್ಮು…"

ಕಟ್ಟೆ ಒಡೆದ ಹಾಗೆ ಪೂವಕ್ಕ ಉಳಿದದ್ದನ್ನು ಎತ್ತಿಕೊಂಡಳು. ಸೆರಗು ಬಿಚ್ಚಿತು, ವೀಳ್ಯ ಕೊಟ್ಟಾಯಿತು, ದೋಣಿ ಕಡಲಿಗೆ ಹೋಯಿತು. ಮರದಲ್ಲಿ ಕಳ್ಳು ಉಕ್ಕಿತು. ಬಳೆ ತೊಡಿಸಿ ಬೆಳಗಾಯಿತು. ಹೆಸರಿನ ಜಾಗ ಬಂದಾಗಲೆಲ್ಲ ಅಮ್ಮುವೇ ತುಂಬಿಸಿದಳು, ಕೊನೆಯ ಸಲ ಇಬ್ಬರ ಸ್ವರವೂ ಅಲ್ಲಿ ಒಟ್ಟಿಗೆ ಬಿತ್ತು. ಹಾಡು ಮುಗಿಯಿತು ಎನ್ನುವಾಗ ಪೂವಕ್ಕನ ಕಣ್ಣಿನಲ್ಲಿ ಹಳೆಯ ಕುಚೇಷ್ಟೆ ಹೊಳೆಯಿತು. ಇದ್ದಲ್ಲೇ ಹೊಸದನ್ನು ಕಟ್ಟಿದಳು:

ಹೊಸಂಗಡಿ ಬಸ್ಸಿನ ಕಂಡಕ್ಟರ ಟಿಕೇಟು ಕೇಳಿದ, ಓ
ಅಮ್ಮು ಹಲ್ಲಿಲ್ಲದ ಬಾಯಲ್ಲಿ ನಕ್ಕಳು, ಓ
ನಗು ಕಂಡವ ಸೀಟಿ ನುಂಗಿದ
ಬಸ್ಸು ಕಡಲಿಗೆ ಹೋಯಿತು, ಓ

"ಥೂ, ಈ ಪ್ರಾಯದಲ್ಲಿ! ನಿಮಗೆ ನಾಚಿಕೆ ಇಲ್ಲ ಅತ್ತಿಗೆ" ಎಂದು ಅಮ್ಮು ಮುಖವನ್ನು ಮೊಣಕಾಲಿಗೆ ಮುಟ್ಟಿಸಲು ನೋಡಿದಳು. ಸೊಂಟ ಅಷ್ಟು ಬಗ್ಗಲಿಲ್ಲ. ನಾಚಿಕೆ ಮಾತ್ರ ಅದೇ ಇತ್ತು.

ನೇಜಿ ಮುಗಿಯಿತು. ಪೂವಕ್ಕ ತೋಡಿನ ಬದಿಯ ಕಲ್ಲಿನ ಮೇಲೆ ಕೂತು ಕಾಲು ತೊಳೆದಳು. ಹಿಮ್ಮಡಿ ಉಜ್ಜಿದಳು, ಬೆರಳ ಸಂದಿ ಉಜ್ಜಿದಳು. ಕೆಂಪು ನೀರು ಹರಿದುಹೋಗುವುದನ್ನು ಸ್ವಲ್ಪ ಹೊತ್ತು ನೋಡಿದಳು. "ಬಾ, ದೀಪದ ಹೊತ್ತಾಯ್ತು" ಎಂದು ಮನೆ ಕಡೆ ನಡೆದಳು. ನೀರಿಗಿಳಿಯುವ ಕಲ್ಲಿನವರೆಗೆ ಅಮ್ಮುವೂ ಹೋದಳು. ಅಲ್ಲಿ ನಿಂತಳು. ಮತ್ತೆ ಹಾಗೆಯೇ ತಿರುಗಿದಳು.

ಯಶ್ಮಿತಾ ದೀಪ ಹಚ್ಚಿ ಹೊರಗೆ ಬಂದು ನೋಡಿದರೆ ಅಮ್ಮು ಅಜ್ಜಿ ಜಗಲಿಗೂ ಹತ್ತದೆ, ಅಂಗಳದ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಮೊಣಕಾಲಿನವರೆಗೆ ಕೆಸರು.

"ಅಜ್ಜಿ, ಕಾಲು ತೊಳೆದು ಒಳಗೆ ಬನ್ನಿ. ಬಿಸಿನೀರು ತರ್ಬೇಕಾ?"

"ಬೇಡ ಮಗಾ. ಸ್ವಲ್ಪ ಹೊತ್ತು ಇರ್ಲಿ."

ಒಳಗೆ ಪೂವಕ್ಕ ಭಜನೆ ಶುರುಮಾಡಿದಳು. ಅದೇ ಸ್ವರ. ಕೆಸರು ಮೆಲ್ಲ ಒಣಗುತ್ತ ಚರ್ಮವನ್ನು ಹಿಡಿದು ಎಳೆಯುತ್ತಿತ್ತು. ಬೆರಳು ಅಲುಗಿಸಿದರೆ ಬಿರುಕು ಬಿಟ್ಟು ಉದುರುತ್ತದೆ ಎಂದು ಅಮ್ಮು ಎರಡು ಕಾಲನ್ನೂ ಅಲುಗಿಸದೆ ಇಟ್ಟುಕೊಂಡು ಕೂತಳು.