ಒಂದೇ ಕೈಯಲ್ಲಿ ರೈಲು ನಿಲ್ಲಿಸುವವನು

ಬಲಶಾಲಿಗಳನ್ನು ಕಂಡರೆ ನನಗೊಂದು ಭಯ. ಅವರು ಯಾರನ್ನಾದರೂ ಹೊಡೆದಾರು ಎಂದಲ್ಲ. ಯಾರಾದರೂ ಅವರನ್ನು ಹೊಗಳಿಯಾರು ಎಂದು.

ಮಹಾಯುದ್ಧ ಇನ್ನೂ ನಡೆಯುತ್ತಿದ್ದ ಕಾಲ. ಭದ್ರಾವತಿ ಸ್ಟೇಷನ್ನಿನ ಬೆಂಚಿನ ಮೇಲೆ ಯಾರೋ ಬಿಳಿ ಸಿಪಾಯಿ ಬಿಟ್ಟುಹೋದ ಬಣ್ಣದ ಚಿತ್ರಪುಸ್ತಕವೊಂದು ಕೈಯಿಂದ ಕೈಗೆ ದಾಟಿ ನಮ್ಮ ಭಾವ ರುದ್ರಪ್ಪನ ಗರಡಿಮನೆ ಸೇರಿತು. (ಸಿಪಾಯಿಯೋ ಎಂಜಿನಿಯರನೋ, ಈ ಕಥೆ ಹೇಳಿದಷ್ಟು ಸಲವೂ ಅವನ ಟೋಪಿ ಬದಲಾಗಿದೆ.) ಪುಸ್ತಕದಲ್ಲಿ, ಚಡ್ಡಿಯನ್ನು ಷರಾಯಿಯ ಮೇಲೆ ತೊಟ್ಟ ಆಸಾಮಿಯೊಬ್ಬ ಬೆನ್ನಿಗೆ ಶಾಲು ಕಟ್ಟಿಕೊಂಡು ಹಾರುತ್ತಿದ್ದ, ಒಂದೇ ಕೈಯಲ್ಲಿ ರೈಲು ನಿಲ್ಲಿಸುತ್ತಿದ್ದ. ಗರಡಿಯಲ್ಲಿ ಇಂಗ್ಲಿಷ್ ಬಲ್ಲವರಿರಲಿಲ್ಲ. ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಅಚ್ಚಾಗಿದೆ ಅಂದಮೇಲೆ ನಡೆದದ್ದೇ.

ಇಂಥವನು ನಿಜವಾಗಿ ಇರಬಲ್ಲನೇ, ನೀವೇ ಹೇಳಿ. ನಮ್ಮ ಪುರಾಣದವರು ಹುಷಾರು. ವರ ಕೊಡುವಾಗಲೇ ಅದರ ಅಂಚಿಗೊಂದು ಶಾಪ ಹೊಲಿದಿರುತ್ತಾರೆ. ಈ ಚಿತ್ರದವನಿಗೆ ಶಾಪವಿಲ್ಲ, ಬೆನ್ನುನೋವಿಲ್ಲ, ಆ ಶಾಲು ಒಗೆಯುವವರೂ ಕಾಣೆ. ಮನೆಯಿಲ್ಲದವನಿಗೆ ರೈಲು ನಿಲ್ಲಿಸುವುದು ಸುಲಭ.

ಭಾವನಿಗೆ ಮನೆಯಿತ್ತು. ಹಗಲು ಕಬ್ಬಿಣದ ಕಾರ್ಖಾನೆ, ಸಂಜೆ ಗರಡಿ, ಮನೆಯಲ್ಲಿ ನನ್ನ ಅಕ್ಕ ಗಿರಿಜೆ, ಆಗ ತುಂಬು ಬಸುರಿ.

"ಏನಣ್ಣಾ, ಇವನು ಒಂದ್ ಕೈಲಿ ನಿಲ್ಲಿಸ್ತಾನೆ, ನಿನ್ಗೆ ಎರಡಿದೆಯಲ್ಲ!" ಎಂದು ಜೊತೆಗಾರ ಮುನಿಸ್ವಾಮಿ ಛೇಡಿಸಿದ. "ಇಂಜಿನ್ ಬೇಡಪ್ಪಾ, ಅದಿರಿನ ವ್ಯಾಗನ್ ಒಂದು ಸಾಕು."

"ವ್ಯಾಗನ್ ಏನ್ ಮಹಾ," ಅಂದುಬಿಟ್ಟ ಭಾವ.

ತಕ್ಷಣ ಗರಡಿಯ ಗುರುಗಳಾದ ಉಸ್ತಾದರು ತಟ್ಟೆಯಲ್ಲಿ ವೀಳ್ಯವಿಟ್ಟು ಮುಂದೆ ಹಿಡಿದರು. ಆ ಗರಡಿಯ ಪದ್ಧತಿಯೇ ಹಾಗೆ: ಒಂದು ಪಂದ್ಯಕ್ಕೆ ಒಂದೇ ವೀಳ್ಯ. ಹಿಡಿದವನು ಹಿಂದೆ ಸರಿಯುವಂತಿಲ್ಲ. ಮನೆಯ ದೇವರ ಮುಂದಿಟ್ಟು, ಪಂದ್ಯದ ಬೆಳಿಗ್ಗೆ ಅದನ್ನು ಜಗಿಯುತ್ತ ಹೊರಡಬೇಕು. ಜಗಿದವನೇ ಪಂದ್ಯದ ಆಳು.

ಆ ಬೆಳಿಗ್ಗೆ ಅಕ್ಕನಿಗೆ ಧೈರ್ಯ ಹೇಳೋಣವೆಂದು ಶಿವಮೊಗ್ಗದಿಂದ ರೈಲು ಹತ್ತಿದೆ. ಬ್ರೇಕು ಕಿರುಗುಟ್ಟಿದಾಗಲೆಲ್ಲ ಭಾವನ ಎದೆಗೂಡು ಕಣ್ಣಮುಂದೆ ಬರುತ್ತಿತ್ತು. ಹೋಗಿ ನೋಡಿದರೆ ಭಾವ ಮೈಗೆ ಎಣ್ಣೆ ಹಚ್ಚಿಕೊಂಡು ದೇವರ ಮುಂದೆ ತಡಕಾಡುತ್ತಿದ್ದಾನೆ. ತಟ್ಟೆ ಖಾಲಿ. ಅಕ್ಕ ಅಡುಗೆಮನೆಯಿಂದ ಬಂದಳು; ತುಟಿ ಕೆಂಪಗಿತ್ತು.

"ವೀಳ್ಯ ಎಲ್ಲಿ?"

"ತಿಂದೆ."

"ತಿಂದ್ಯಾ! ಮಾರಾಯ್ತಿ, ಅದು ಪಂದ್ಯದ್ದು ಕಣೇ!"

"ಗೊತ್ತು. ಜಗಿದವರೇ ನಿಲ್ಬೇಕಲ್ಲ? ಬರ್ತೀನಿ, ನಡೀರಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟಳು. ಅವಳ ಹಿಂದೆ ಭಾವ, ಭಾವನ ಹಿಂದೆ ನಾನು. ಹಳಿಯ ಬಳಿ ಗಲಾಟೆ ಮಾಡುತ್ತಿದ್ದ ಜನ ಬಸುರಿಯ ಕೆಂಪು ಬಾಯಿ ನೋಡಿ ದಾರಿ ಬಿಟ್ಟರು. ಉಸ್ತಾದರು ಪೇಚಿಗೆ ಸಿಕ್ಕರು. ಭಾವನಿಗೆ ಹೊಸ ವೀಳ್ಯ ಕೊಡುವಂತಿಲ್ಲ, ಇವಳನ್ನು ವ್ಯಾಗನ್ನಿನ ಮುಂದೆ ನಿಲ್ಲಿಸುವಂತೆಯೂ ಇಲ್ಲ. ಮೀಸೆಯನ್ನು ಎರಡೂ ಕಡೆಯಿಂದ ಎಳೆದುಕೊಂಡು ನೋಡಿ, ಕೊನೆಗೆ ಕೈಮುಗಿದರು.

"ತಾಯಿ, ಎದುರಾಳಿ ವ್ಯಾಗನ್ ಬರಲಿಲ್ಲ ಅಂತಿಟ್ಟುಕೋ. ನೀನೇ ಗೆದ್ದೆ. ಮನೆಗೆ ನಡಿ."

ಮೊದಲು ಚಪ್ಪಾಳೆ ತಟ್ಟಿದವನು ಮುನಿಸ್ವಾಮಿ. ಎರಡನೆಯವನು ನಾನಿರಬಹುದು. ಮಧ್ಯಾಹ್ನ ಭಾವ ಮುದ್ದೆಯ ಮೇಲೆ ಮುದ್ದೆ ನುಂಗಿ, ಗೋಡೆ ಅದುರುವಂತೆ ಗೊರಕೆ ಹೊಡೆದ. ಅಷ್ಟು ಇಂಪಾದ ಗೊರಕೆಯನ್ನು ನಾನು ಮತ್ತೆ ಕೇಳಿಲ್ಲ.

ಅಕ್ಕ ಈಗ ಹೇಳುವುದೇ ಬೇರೆ: ಬಸುರಿ ಬಯಕೆ, ಕಣ್ಣೆದುರು ಎಲೆಯಡಿಕೆ ಕಂಡಿತು, ಪಂದ್ಯಗಿಂದ್ಯ ನೆನಪೇ ಇರಲಿಲ್ಲ ಅಂತ. ಇರಬಹುದು. ನಾನು ಕಿವಿಯಾರೆ ಕೇಳಿದ ಮಾತುಗಳನ್ನು ನಾನೇ ಕಟ್ಟಿರಬಹುದು. ಮೊನ್ನೆ ಭಾವನನ್ನೇ ಕೇಳಿದೆ. ಅವನು ಅಡುಗೆಮನೆ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ನಿಲ್ಲಿಸಿಬಿಡ್ತಿದ್ದೆ ಮಾರಾಯ" ಅಂದ. ಅವನ ತೊಡೆಯ ಮೇಲೆ, ಆಗ ಅಕ್ಕನ ಹೊಟ್ಟೆಯಲ್ಲಿದ್ದ ಪುಟ್ಟ ಮಗಳು ನಿದ್ದೆಹೋಗಿದ್ದಳು. ಕಾಲು ಜೋಮು ಹಿಡಿದು ಮುಖ ಕಿವುಚಿಕೊಂಡಿದ್ದ, ಆದರೂ ಅಲ್ಲಾಡಲಿಲ್ಲ.